ಮಾಳಿಗೆಯ ಮಣ್ಣು

ನಾನು ಸಂಶಯದ ಹೆಂಗಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹುಟ್ಟಿ ಬೆಳೆದದ್ದು ಉದಗೀರದ ಬಟ್ಟೆ ಅಂಗಡಿಯಲ್ಲಿ. ಥಾನು ಬಿಚ್ಚಿದರೆ ಒಳಗಿನ ಮಡಿಕೆಯನ್ನು ಬೆರಳಲ್ಲಿ ಉಜ್ಜಿ ನೋಡದೆ ನಾನು ನಂಬುವುದಿಲ್ಲ. ಬಾಗಿಲಲ್ಲೇ ನಗುತ್ತಾ ಬರುವ ಗಿರಾಕಿಯನ್ನು ನಮ್ಮಪ್ಪ ಉಳಿದವರಿಗಿಂತ ಹೆಚ್ಚು ಹುಷಾರಾಗಿ ನೋಡುತ್ತಿದ್ದರು, ಆ ಕಣ್ಣು ನನಗೂ ಬಂದಿದೆ. ಪರಿಹಾರದ ಕೆಲಸಕ್ಕೆ ಇಂಥ ಸ್ವಭಾವ ಆಗಿಬರುವುದಿಲ್ಲ ಎಂದು ಬುದ್ಧಿ ಹೇಳಿದವರು ಬಹಳ ಜನ. ಕರುಣೆ ಬೇಕಂತೆ, ನಂಬಿಕೆ ಬೇಕಂತೆ. ಕರುಣೆ ನನಗೇನು ಕಡಿಮೆಯಿಲ್ಲ. ಆದರೆ ಲಾರಿ ತುಂಬ ಸಾಮಾನು ಒಂದೂರಿನಿಂದ ಇನ್ನೊಂದೂರಿಗೆ ಹೋಗುವಾಗ ದಾರಿಯಲ್ಲಿ ಎಷ್ಟು ಕೈಗಳು ಚಾಚುತ್ತವೆ ಎಂಬುದನ್ನು ಕಂಡಿದ್ದೇನೆ. ಹಾಗೆ ಕಂಡವರು ಬರೀ ಕರುಣೆ ಇಟ್ಟುಕೊಂಡು ಕೂಡಲಾಗುವುದಿಲ್ಲ.

ಈಚೆಗೆ ಒಂದು ಬೇಸಗೆಯಲ್ಲಿ ಕನ್ನಡ ಮರಾಠಿ ಎರಡೂ ನಡೆಯುವ ನಮ್ಮ ಗಡಿಯ ಕಡೆ ಮತ್ತೆ ನೆಲ ನಡುಗಿತು. ನಾನು ಮದುವೆಯಾಗಿ ನಿಲಂಗಾಕ್ಕೆ ಬಂದ ಹೊಸತರಲ್ಲಿ ಆದ ಆ ದೊಡ್ಡ ಭೂಕಂಪದ ಮುಂದೆ ಇದು ಏನೂ ಅಲ್ಲ. ನಾನು ಓಡಾಡುತ್ತಿದ್ದ ಹಳ್ಳಿಗಳಲ್ಲಿ ಯಾರೂ ಸಾಯಲಿಲ್ಲ. ಆದರೆ ಕಲ್ಲು ಮಣ್ಣಿನ ದಪ್ಪ ಗೋಡೆಗಳು ಹೊಟ್ಟೆ ಬಿಟ್ಟುಕೊಂಡು ನಿಂತವು, ಮೂಲೆಗಳು ಬಿರಿದವು, ಆಮೇಲೂ ವಾರಗಟ್ಟಲೆ ನೆಲದ ಒಳಗಿನಿಂದ ಗುರ್ ಗುರ್ ಎನ್ನುವ ಸಪ್ಪಳ ಬರುತ್ತಲೇ ಇತ್ತು. ಹಳಬರಿಗೆ ಆ ಸಪ್ಪಳ ಸಾಕು. ಆಡುತ್ತಿದ್ದ ಮಾತು ನಿಲ್ಲಿಸಿ ಮೇಲೆ ನೋಡುತ್ತಿದ್ದರು.

ನಮ್ಮದು ಸಣ್ಣ ಪರಿಹಾರ ತಂಡ. ಉಮರ್ಗಾದಲ್ಲಿ ಒಂದು ಕಾಳಿನ ಗೋದಾಮಿನ ಹಿಂದಿನ ಖೋಲಿಯೇ ಕಚೇರಿ. ನನ್ನ ಕೆಲಸಕ್ಕೆ ಸಮನ್ವಯ ಎಂದು ದೊಡ್ಡ ಹೆಸರು. ಅಂದರೆ ಯಾರ ಹತ್ತಿರ ಏನಿದೆ, ಯಾವ ಊರಿಗೆ ಏನು ಬೇಕು ಎಂದು ಫೋನು ಕಿವಿಗೆ ಅಂಟಿಸಿಕೊಂಡು ಕೂತು ಜೋಡಿಸುವುದು, ನಡುವೆ ಜಗಳ ಬಿಡಿಸುವುದು. ದೂರದಿಂದ ಸಾಮಾನು ತರುವ ಗಾಡಿಗಳೆಲ್ಲ ಹೆದ್ದಾರಿಯ ಬದಿ ತುರೋರಿಯಲ್ಲೇ ನಿಂತುಬಿಡುತ್ತಿದ್ದವು. ಅಲ್ಲಿ ಚಹಾ ಸಿಗುತ್ತದೆ, ಫೋಟೋ ತೆಗೆಸಿಕೊಳ್ಳಬಹುದು, ಸಂಜೆಯೊಳಗೆ ವಾಪಸು ಮನೆ ಸೇರಬಹುದು. ಆ ಉರಿಬಿಸಿಲಲ್ಲಿ ಉಣ್ಣೆಯ ಕಂಬಳಿ ಹಂಚಿ ಹೋದವರೂ ಇದ್ದರು. ಇವರನ್ನೆಲ್ಲ ಬೈದೋ ಬೇಡಿಯೋ ಒಳಗಿನ ಹಳ್ಳಿಗಳಿಗೆ ತಿರುಗಿಸುವಷ್ಟರಲ್ಲಿ ನನ್ನ ಗಂಟಲು ಬೀಳುತ್ತಿತ್ತು.

ಕಾಸಾರಶಿರಸಿಯಿಂದ ನಿಲಂಗಾಕ್ಕೆ ಹೋಗುವಾಗ ಡಾಂಬರು ರಸ್ತೆ ಬಿಟ್ಟು ಒಳಗೆ ಹೋದರೆ ಒಂದು ಹಳ್ಳಿ. ಅದರ ಮಾತು ಇದು. ಅಲ್ಲಿನ ದನ ಮೇಯುವ ಬಯಲಿನಲ್ಲಿ ನಾವು ತಗಡಿನ ಶೆಡ್ಡು ಹಾಕಿಸಿ ಜನರನ್ನು ಹಳೆಯ ಮನೆಗಳಿಂದ ಹೊರಗೆ ತಂದಿದ್ದೆವು. ಶೆಡ್ಡಿನ ಮುಂಭಾಗ, ಪಕ್ಕ ಎಲ್ಲ ಬಯಲು. ಮುಚ್ಚಿಕೊಳ್ಳಲಿ ಎಂದು ಮನೆಗೊಂದು ದಪ್ಪ ನೀಲಿ ಪ್ಲಾಸ್ಟಿಕ್ಕಿನ ತಾಡಪತ್ರಿ, ಅಂದರೆ ಟಾರ್ಪಾಲು, ಕೊಟ್ಟೆವು. ಕೊಡುವ ಮೊದಲು ಪ್ರತಿ ತಾಡಪತ್ರಿಯ ಒಂದು ಮೂಲೆಗೆ ಕೆಂಪು ನೂಲಿನಿಂದ ನಾಲ್ಕು ಹೊಲಿಗೆ ಹಾಕಿಸಿದ್ದೆ. ನಮ್ಮ ಅಂಗಡಿಯಲ್ಲಿ ಥಾನಿನ ಕೊನೆಗೆ ಹೀಗೇ ಗುರುತು ಹಾಕುತ್ತಿದ್ದರು. ತಂಡದವರು ನಕ್ಕರು. ನಗಲಿ ಎಂದುಕೊಂಡೆ.

ಹಳೆಯ ಮನೆಗಳ ಬಗ್ಗೆ ನಮ್ಮದು ಒಂದೇ ಮಾತು: ಒಳಗೆ ಮಲಗಬೇಡಿ, ಮಾಳಿಗೆಯ ಮಣ್ಣು ಇಳಿಸಿ. ನಮ್ಮ ಕಡೆಯ ಮಾಳಿಗೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸಾಗವಾನಿ ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಹಲಗೆ, ಅದರ ಮೇಲೆ ಬಿಳಿ ಹಾಳಮಣ್ಣು. ಬೇಸಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಮಳೆಗೆ ಸೋರಬಾರದಲ್ಲ, ಅದಕ್ಕೆ ಪ್ರತಿ ವರ್ಷ ಮಿರಗದ, ಅಂದರೆ ಮೃಗಶಿರೆಯ, ಮಳೆ ಬೀಳುವ ಮೊದಲು ಹೊಸ ಮಣ್ಣು ಹೊತ್ತು ತಂದು ಮೇಲೆ ಹಾಕಿ ಬಡಿಯುತ್ತಾರೆ. ಹಳೆಯದನ್ನು ಯಾರೂ ತೆಗೆಯುವುದಿಲ್ಲ. ಅಜ್ಜ ಹಾಕಿದ್ದರ ಮೇಲೆ ಅಪ್ಪ, ಅಪ್ಪ ಹಾಕಿದ್ದರ ಮೇಲೆ ಮಗ. ನಿಲಂಗಾದ ನಮ್ಮ ಅತ್ತೆಯ ಮನೆಯಲ್ಲೂ ಇದೇ ನಡೆಯುತ್ತಿತ್ತು, ನಾನೂ ಬುಟ್ಟಿ ಹೊತ್ತಿದ್ದೇನೆ. ದೊಡ್ಡ ಭೂಕಂಪದಲ್ಲಿ ಜನರನ್ನು ಹೂತದ್ದು ಈ ಮಣ್ಣೇ.

ಆ ಊರಿನವರು ಎಲ್ಲದಕ್ಕೂ ಹೂಂ ಎಂದರು. ಅಷ್ಟು ಸುಲಭವಾಗಿ ಹೂಂ ಎನ್ನುವ ಜನ ನಾನು ಕಂಡಿಲ್ಲ. ಅವತ್ತೇ ನನಗೆ ಅನುಮಾನ ಬರಬೇಕಿತ್ತು.

ಮುಂದಿನ ಸಲ ಹೋದಾಗ ಶೆಡ್ಡುಗಳ ಮುಂದೆ ತಾಡಪತ್ರಿಯ ಬದಲು ಹಳೆಯ ಸೀರೆಗಳು ಜೋತುಬಿದ್ದಿದ್ದವು.

“ತಾಡಪತ್ರಿ ಎಲ್ಲಿ ಹೋದ್ವು?” ಎಂದೆ.

“ಗಾಳಿಗಿ ಹಾರಿ ಹೋಯ್ತ್ರಿ,” ಎಂದ ಒಬ್ಬ. ಅಂಥ ಗಾಳಿ ಬಂದಿದ್ದರೆ ಆ ಸೀರೆ ಹೇಗೆ ಉಳಿಯಿತು ಎಂದು ಕೇಳಿದೆ. ಅವನು ತಲೆ ಕೆರೆದುಕೊಂಡ.

“ನಮ್ಮದು ಇಲಿ ಕಡದಾವ್ರಿ,” ಎಂದಳು ಪಕ್ಕದವಳು.

“ನಾವು ತೊಳದು ಒಣಹಾಕೀವ್ರಿ ಅಕ್ಕಾರ,” ಎಂದ ಮೂರನೆಯವ. ಎಲ್ಲಿ ಒಣಹಾಕಿದ್ದೀಯಪ್ಪ ತೋರಿಸು ಎಂದರೆ ಹೊಲದಲ್ಲಿ ಎಂದ, ಹೊಲ ಎಲ್ಲಿ ಎಂದರೆ ಬಹಳ ದೂರ ಎಂದ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದರು. ಇಡೀ ಊರು ಸೇರಿ ನನಗೆ ಟೋಪಿ ಹಾಕುತ್ತಿದೆ ಎಂದು ನನಗೆ ಖಾತ್ರಿಯಾಯಿತು. ಮಾರಿಕೊಂಡಿದ್ದಾರೆ, ಬೇರೆ ಮಾತೇ ಇಲ್ಲ!

ಕಾಸಾರಶಿರಸಿಯ ಸಂತೆಯ ದಿನ ನಾನು ಮೆಣಸಿನಕಾಯಿ ಕೊಳ್ಳುವವಳಂತೆ ತಿರುಗುತ್ತಾ ಅಂಗಡಿಗಳ ಮೇಲೆ ಕಟ್ಟಿದ ತಾಡಪತ್ರಿಗಳ ಮೂಲೆ ಮೂಲೆ ನೋಡಿದೆ. ಒಬ್ಬ ಬಾಳೆಹಣ್ಣಿನವ ನನ್ನನ್ನು ಕಳ್ಳಿ ಎಂದುಕೊಂಡು ತಕ್ಕಡಿಯನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡ. ತುರೋರಿಯಲ್ಲಿ ನಿಂತ ಒಂದು ಲಾರಿಗೆ ಮುಚ್ಚಿದ್ದ ತಾಡಪತ್ರಿ ನಮ್ಮದರ ಹಾಗೇ ಕಂಡಿತು. ಎತ್ತಿ ನೋಡಿದೆ. ಡ್ರೈವರು ಚಹಾದ ಲೋಟ ಹಿಡಿದು ಓಡಿ ಬಂದು “ಕಾಯ್ ಪಾಹತಾಯ್ ಬಾಈ?” ಏನು ನೋಡುತ್ತಿದ್ದೀ ಎಂದು ಮರಾಠಿಯಲ್ಲಿ ದಬಾಯಿಸಿದ. ನನ್ನ ಮರಾಠಿ ಅವನದಕ್ಕಿಂತ ಜೋರು. ಇಬ್ಬರೂ ಸಾಕಷ್ಟು ಬೈದಾಡಿದೆವು. ಕೆಂಪು ಹೊಲಿಗೆ ಮಾತ್ರ ಎಲ್ಲೂ ಸಿಗಲಿಲ್ಲ.

ಇತ್ತ ಅವರೂ ನನ್ನನ್ನು ಅನುಮಾನದಿಂದಲೇ ನೋಡುತ್ತಿದ್ದರು. ತಾಡಪತ್ರಿ ಹಂಚುವ ಮೊದಲು ನಾನು ಹೋದಾಗೊಮ್ಮೆ ಹಳೆಯ ಓಣಿಯಲ್ಲಿ ಗೋಡೆ, ತೊಲೆ ಎಲ್ಲ ನೋಡಿಕೊಂಡು ಬರುತ್ತಿದ್ದೆ, ಯಾವ ಮನೆ ಹೆಚ್ಚು ಅಪಾಯದ್ದು ಎಂದು ತಿಳಿಯಲು. ಒಂದು ದಿನ ಬೆನ್ನ ಹಿಂದೆ ಒಬ್ಬ ಹಿರಿಯ ಇನ್ನೊಬ್ಬನಿಗೆ ಹೇಳುವುದು ಕೇಳಿಸಿತು. “ಈಕಿ ಕಣ್ಣು ಬರೇ ತೊಲಿ ಮ್ಯಾಲೇ ಅದ ನೋಡು. ಉದಗೀರದ ವ್ಯಾಪಾರಸ್ಥರ ಮಗಳಂತ. ಮಣ್ಣು ಇಳಸ್ರಿ ಇಳಸ್ರಿ ಅಂತ ಯಾಕ ಗಂಟಬಿದ್ದಾಳ? ಮಣ್ಣು ಇಳದ ಮ್ಯಾಲ ಉಳಿಯೂದು ಏನು? ಸಾಗವಾನಿ.” ನನಗೆ ಮೈ ಉರಿಯಿತು. ತಿರುಗಿ ನೋಡಿದೆ. ಇಬ್ಬರೂ “ನಮಸ್ಕಾರ್ರಿ” ಎಂದರು.

ಬಯಲಿನಲ್ಲಿ ಎಲ್ಲರಿಗೂ ಸೇರಿ ಒಂದು ಅಡುಗೆಯ ಒಲೆ ಇತ್ತು. ದಾಸೋಹದ ಒಲೆ ಎಂದೇ ಅದಕ್ಕೆ ಹೆಸರಾಗಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವಳು ನನ್ನ ವಯಸ್ಸಿನವಳೇ ಆದ ಒಬ್ಬ ಒಕ್ಕಲಿನ ಹೆಂಗಸು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಒಂದು ಮಾತು ಹೆಚ್ಚಿಲ್ಲ. ಊರೆಲ್ಲ ಅವಳನ್ನು ಅವ್ವಾ ಎನ್ನುತ್ತಿತ್ತು, ನಾನೂ ಹಾಗೇ ಅನ್ನುತ್ತಿದ್ದೆ. ಅವಳ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಗಲೇ ನೆಲ ನಡುಗಿದ್ದು. ನಡುಗಿದ ಕೆಲವೇ ದಿನಕ್ಕೆ ನೋವು ಬಂತು. ನನ್ನ ಹಳೆಯ ಗಾಡಿಯಲ್ಲೇ ನಿಲಂಗಾದ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು, ಹೆಣ್ಣು ಕೂಸಿನ ಜೊತೆ ತಿರುಗಿ ಶೆಡ್ಡಿಗೆ ತಂದು ಬಿಟ್ಟದ್ದು. ಆ ಹುಡುಗಿ ದಾರಿಯುದ್ದಕ್ಕೂ ಗಾಡಿ ಕುಲುಕಿದಾಗೊಮ್ಮೆ ನನ್ನ ಕಡೆ ನೋಡಿ ನಗುತ್ತಿದ್ದಳು. ನನಗೆ ಅವಳ ಮೇಲೆ ಮಮತೆ ಹುಟ್ಟಿತ್ತು.

ಸಂತೆಯಲ್ಲಿ ತಾಡಪತ್ರಿ ಹುಡುಕಿ ಸೋತ ಮೇಲೆ ಮತ್ತೆ ಆ ಊರಿಗೆ ಹೋದ ದಿನ ಅವರ ಶೆಡ್ಡಿನಲ್ಲಿ ಇಣುಕಿದೆ. ಬಾಣಂತಿಯೂ ಇಲ್ಲ, ಕೂಸೂ ಇಲ್ಲ, ಅವರು ಮಲಗುವ ಹೊರಸೂ ಇಲ್ಲ.

“ಮಗಳು ಎಲ್ಲಿ ಅವ್ವಾರ?”

“ಗಂಡನ ಮನಿಗಿ ಹೋಗ್ಯಾಳ್ರಿ. ಮಾಕಣಿಗಿ.” ಹಿಟ್ಟು ನಾದುತ್ತಲೇ ಇದ್ದಳು, ತಲೆ ಎತ್ತಲಿಲ್ಲ.

ಗಂಡಸರು ಯಾರಾದರೂ ಆಗಿದ್ದರೆ ಸರಿ ಎಂದು ನಡೆದುಬಿಡುತ್ತಿದ್ದರು. ಆದರೆ ನಮ್ಮಲ್ಲಿ ಚೊಚ್ಚಲ ಬಾಣಂತಿಯನ್ನು ಹಸಿ ಮೈಯಲ್ಲಿ ಗಂಡನ ಮನೆಗೆ ಕಳಿಸುವ ತಾಯಿ ಎಲ್ಲಾದರೂ ಇದ್ದಾಳೆಯೇ? ಕೂಸಿಗೆ ಕುತ್ತಿಗೆ ನಿಲ್ಲಬೇಕು, ಹೊಸ ಸೀರೆ ತರಬೇಕು, ತೊಟ್ಟಿಲು ಕೊಡಬೇಕು, ಆಮೇಲೆ ಕಳಿಸುವ ಮಾತು. ಸಾಲದ್ದಕ್ಕೆ ಅವಳೇ ಹಿಂದೆ ನನಗೆ ಹೇಳಿದ್ದಳು, ಮಾಕಣಿಯಲ್ಲಿ ಅತ್ತೆ ಇಲ್ಲ, ಬಾಣಂತನ ಮಾಡುವವರು ಯಾರೂ ಇಲ್ಲ ಎಂದು. ಚಹಾ ಕೊಡ್ರಿ ಎಂದು ಅಲ್ಲೇ ಕೂತೆ.

ಆ ದಿನ ನನ್ನ ಬುದ್ಧಿ ಎಲ್ಲೆಲ್ಲಿಗೋ ಓಡಿತು, ಹೇಳಲು ನಾಚಿಕೆಯಾಗುತ್ತದೆ. ಹೆಣ್ಣು ಕೂಸು ಎಂದು ಏನಾದರೂ ಮಾಡಿದರೇ? ಗಂಡ ಬಂದು ಜಗಳ ಮಾಡಿ ಎಳೆದುಕೊಂಡು ಹೋದನೇ? ತಾಡಪತ್ರಿ ಮಾರಿದ ಹಾಗೆ ಇಲ್ಲೂ ಏನೋ ನಡೆದಿದೆ ಎಂದುಕೊಂಡೆ. ಅವಳು ನನ್ನ ಎದುರಿಗೇ ಒಣಕೊಬ್ಬರಿ ತುರಿದು, ಖಾರೀಕ ಎನ್ನುವ ಒಣ ಖರ್ಜೂರ ಕುಟ್ಟಿ, ತುಪ್ಪದಲ್ಲಿ ಅಂಟು ಹುರಿದು ಉಂಡಿ ಕಟ್ಟಿದಳು. ಬಾಣಂತಿಗಲ್ಲದೆ ಮತ್ತೆ ಯಾರಿಗೆ ಆ ಅಂಟಿನುಂಡಿ?

“ಯಾರಿಗ್ರಿ ಇವು?”

“ಮಾಕಣಿಗಿ ಕಳಸತೀನ್ರಿ, ಬಸ್ಸಿನಾಗ.”

ಒಳ್ಳೆಯದು ಎಂದೆ. ಹೊತ್ತು ಇಳಿಯುವಾಗ ಅವಳು ಒಲೆಯಿಂದ ನಿಗಿನಿಗಿ ಕೆಂಡ ಒಂದು ಒಡಕು ಬೋಗುಣಿಗೆ ತುಂಬಿ, ಮೇಲೆ ತಟ್ಟೆ ಮುಚ್ಚಿ, ಸೆರಗಿನ ಮರೆಯಲ್ಲಿ ಹಿಡಿದು ಹಳೆಯ ಊರಿನ ಕಡೆ ಹೊರಟಳು. ಉಂಡಿ ಬಸ್ಸಿನಲ್ಲಿ ಹೋದೀತು. ಕೆಂಡ ಮಾಕಣಿಗೆ ಹೋಗುವುದಿಲ್ಲ. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ಬಿದ್ದೆ.

ಹಳೆಯ ಓಣಿ ಖಾಲಿ ಇರಬೇಕಿತ್ತು. ಒಂದು ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ, ಇನ್ನೊಂದರಲ್ಲಿ ಯಾರೋ ಕೆಮ್ಮಿದ್ದು ಕೇಳಿಸಿತು. ಅವ್ವ ತನ್ನ ಮನೆಯ ಬಾಗಿಲು ಸರಿಸಿ ಒಳಗೆ ಹೋದಳು. ನಾನು ಹೊರಗೆ ನಿಂತು ಮೇಲೆ ನೋಡಿದೆ. ಮಾಳಿಗೆಯ ಅಂಚಿನಲ್ಲಿ, ಹೊಸದಾಗಿ ಬಡಿದ ಬಿಳಿ ಮಣ್ಣಿನ ಕೆಳಗಿನಿಂದ, ನೀಲಿ ತಾಡಪತ್ರಿಯ ಒಂದು ಮೂಲೆ ಇಣುಕುತ್ತಿತ್ತು. ಮೂಲೆಗೆ ಕೆಂಪು ನೂಲು.

ಆಚೆ ಮನೆ ನೋಡಿದೆ, ಅಲ್ಲೂ ಹಾಗೇ. ಅದರಾಚೆಯದೂ ಹಾಗೇ. ಒಬ್ಬರೂ ಮಾರಿರಲಿಲ್ಲ. ನಾವು ಕೊಟ್ಟ ತಾಡಪತ್ರಿಯನ್ನು ಒಯ್ದು ಹಳೆಯ ಮಣ್ಣಿನ ಮೇಲೆ ಹಾಸಿ, ಅದು ಹಾರಿಹೋಗದ ಹಾಗೆ ಅದರ ಮೇಲೆ ಈ ವರ್ಷದ ಮಣ್ಣು ಹೊತ್ತು ಹಾಕಿ ಬಡಿದಿದ್ದರು. ಬಿರುಕು ಬಿಟ್ಟ ಮಾಳಿಗೆ ಸೋರಬಾರದಲ್ಲ. ಇನ್ನು ಸೋರುವುದಿಲ್ಲ ಎಂಬ ಧೈರ್ಯದಿಂದ ಒಬ್ಬೊಬ್ಬರಾಗಿ ಒಳಗೆ ಮಲಗಲು ಶುರುಮಾಡಿದ್ದರು. ಕೆಳಗೆ ಪ್ಲಾಸ್ಟಿಕ್ಕು ಇದ್ದರೆ ಮಳೆಯ ನೀರು ಇಳಿಯುವುದಿಲ್ಲ, ಮಣ್ಣಿನಲ್ಲೇ ನಿಲ್ಲುತ್ತದೆ, ನೆನೆದ ಮಣ್ಣು ಒಣ ಮಣ್ಣಿಗಿಂತ ಎಷ್ಟೋ ಭಾರ. ಹೊಟ್ಟೆ ಬಿಟ್ಟ ಗೋಡೆಗಳ ತಲೆಯ ಮೇಲೆ ಇಷ್ಟು ಭಾರ ಕೂಡಿಸಿದ್ದು ನಮ್ಮ ಪರಿಹಾರವೇ. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು.

ಒಳಗಿನಿಂದ ಕೂಸು ಸೀನಿತು.

ನಾನು ಬಾಗಿಲು ದೂಡಿಕೊಂಡೇ ಹೋದೆ. ಕಿಟಕಿಯಿಲ್ಲದ ನಡುಮನೆಯಲ್ಲಿ ಲೋಬಾನದ ಹೊಗೆ ಕಣ್ಣು ಉರಿಸುವಷ್ಟು ತುಂಬಿತ್ತು. ಹೊರಸಿನ ಮೇಲೆ ಮಗಳು, ತಲೆಗೆ ಸ್ಕಾರ್ಫು ಬಿಗಿದು, ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದಳು, ಮಡಿಲಲ್ಲಿ ಕೂಸು. ಹೊರಸಿನ ಕೆಳಗೆ ಅವ್ವ ಕೆಂಡ ಸರಿಸುತ್ತಿದ್ದಳು. ಹೊರಸಿನ ಹಿಂದಿನ ಗೋಡೆಯಲ್ಲಿ ನನ್ನ ಅಂಗೈ ಹೋಗುವಷ್ಟು ದೊಡ್ಡ ಬಿರುಕು, ಅದಕ್ಕೆ ಚಿಂದಿ ತುರುಕಿದ್ದರು. ನನಗೆ ಸಿಟ್ಟು ಬಂತು, ಭಯವೂ ಆಯಿತು. ಎರಡೂ ಕೂಡಿ ಬಾಯಿಗೆ ಬಂದದ್ದೆಲ್ಲ ಅಂದೆ. ತಾಯಿಯೋ ರಾಕ್ಷಸಿಯೋ ಎಂದೆ. ಮಳೆ ಬಿದ್ದರೆ ಮೂವರನ್ನೂ ಇಲ್ಲಿಂದ ಅಗೆದು ತೆಗೆಯಬೇಕಾಗುತ್ತದೆ ಎಂದೆ.

ಅವ್ವ ನಾನು ಮುಗಿಸುವ ತನಕ ಕಾದಳು. ಆಮೇಲೆ ಕೈ ಒರೆಸಿಕೊಂಡು ಎದ್ದು ನಿಂತಳು.

“ಆ ದೊಡ್ಡ ಭೂಕಂಪದಾಗ ನಾನೂ ಬಾಣತಿನೇ ಇದ್ದೆ,” ಎಂದಳು. “ಗೋಡಿ ಬಿತ್ತು, ನಾನೂ ನನ್ನ ಕೂಸೂ ಉಳದಿವಿ. ಒಂದು ಸಣ್ಣ ಗಾಯ ಸೈತ ಇಲ್ಲ. ಆಮ್ಯಾಲ ನಿಮ್ಮಂಥಾವ್ರೇ ಬಂದ್ರು. ಒಳಗ ಹೋಗಬ್ಯಾಡ್ರಿ ಅಂದ್ರು, ಡೇರೆ ಕೊಟ್ರು. ಮಳಿ ಹತ್ತಿತ್ತು, ಎಲ್ಲಾ ಕಡಿಂದ ಗಾಳಿ. ಗಂಡು ಕೂಸ್ರಿ. ಡೇರೆದಾಗ ಥಂಡಿ ಹತ್ತಿ ಉಸಿರು ಕಟ್ಟಿ ಹೋಯ್ತು. ಗೋಡಿ ಕೊಂದಿದ್ದಿಲ್ಲ. ಬಹಳ ವರ್ಷ ಆದ ಮ್ಯಾಲ ಈಕಿ ಹುಟ್ಟಿದ್ಲು. ನಿಮ್ಮ ತಗಡಿನಾಗ ಹಗಲು ಬೆಂಕಿ, ಸಂಜಿಗಿ ಗಾಳಿ. ಸೀರಿ ಕಟ್ಟಿದ್ರ ಗಾಳಿ ನಿಲ್ತದೇನ್ರಿ?”

ಸಂಶಯಪಡಲು ಅವಳಿಗೆ ನನಗಿಂತ ದೊಡ್ಡ ಕಾರಣವಿತ್ತು. ಬಾಣಂತಿಗೆ ಬೇಕಾದದ್ದು ಗಾಳಿಯಾಡದ ಬೆಚ್ಚಗಿನ ಖೋಲಿ ಎಂಬುದು ಎರಡು ಹೆತ್ತ ನನಗೆ ಗೊತ್ತಿಲ್ಲವೇ? ಆದರೆ ಶೆಡ್ಡಿಗೆ ಎಷ್ಟು ತಗಡು ಬೇಕು ಎಂದು ಫೋನಿನಲ್ಲಿ ಜೋಡಿಸುವಾಗ ಆ ಮಾತು ನನ್ನ ತಲೆಗೆ ಬಂದಿರಲಿಲ್ಲ, ತಂಡದಲ್ಲಿ ಯಾರ ತಲೆಗೂ ಬಂದಿರಲಿಲ್ಲ. ದನಿ ತಗ್ಗಿಸಿ ಹೇಳಿದೆ: ಶೆಡ್ಡಿನ ಒಳಗೇ ತೊಗರಿ ಕಟ್ಟಿಗೆಯ ತಡಿಕೆ ಹೆಣೆದು, ಸಗಣಿ ಮಣ್ಣು ಮೆತ್ತಿ, ಹೊರಗಿನಿಂದ ತಾಡಪತ್ರಿ ಸುತ್ತಿ ಒಂದು ಖೋಲಿ ಮಾಡಿಸುತ್ತೇನೆ. ಕಾವು ಇಳಿಯದ ಹಾಗೆ ತಗಡಿನ ಕೆಳಗೆ ಜೋಳದ ಒಣ ದಂಟಿನ, ಕಣಿಕೆಯ, ಪೆಂಡಿ ಕಟ್ಟಿಸುತ್ತೇನೆ. ಗಾಳಿ ಬರುವುದಿಲ್ಲ, ಬಿದ್ದರೂ ಯಾರೂ ಸಾಯುವುದಿಲ್ಲ. ಆದರೆ ತಾಡಪತ್ರಿ ಬೇಕೆಂದರೆ ಮಾಳಿಗೆಯ ಮಣ್ಣು ಇಳಿಸಬೇಕು.

“ನೋಡೋಣ್ರಿ,” ಎಂದಳು. ನಮ್ಮ ಕಡೆ ಅದಕ್ಕೆ ಇಲ್ಲ ಎಂದೇ ಅರ್ಥ. ಆದರೆ ಮಗಳು ತಲೆ ಎತ್ತಿ ನನ್ನನ್ನೇ ನೋಡಿದಳು, ಏನೋ ಹೇಳಲು ಬಾಯಿ ತೆರೆದು ಮತ್ತೆ ಕೂಸಿನ ಕಡೆ ಬಾಗಿದಳು. ಆ ಮನೆಯಲ್ಲಿ ಅವಳನ್ನು ನಾನೂ ಒಂದು ಮಾತು ಕೇಳಲಿಲ್ಲ.

ಮರುದಿನ ಬೆಳಗಾಗುತ್ತಲೇ ಗುದ್ದಲಿ, ಬುಟ್ಟಿ, ತಂಡದ ನಾಲ್ಕಾರು ಜನರನ್ನು ಕರೆದುಕೊಂಡು ಹೋದೆ. ತೊಗರಿ ಕಟ್ಟಿಗೆಯ ಹೊರೆಯನ್ನೂ ತಂದಿದ್ದೆ, ಅವ್ವನಿಗೆ ಮೊದಲು ಅದು ಕಾಣಲಿ ಎಂದು. ಅವಳು ಬಾಗಿಲಲ್ಲಿ ನಿಂತು ಕಟ್ಟಿಗೆ ಮುಟ್ಟಿ ನೋಡಿದಳು, ಮುರಿದು ನೋಡಿದಳು, ಹಸಿ ಇದೆಯೋ ಒಣಗಿದೆಯೋ ಎಂದು ಮೂಸಿಯೂ ನೋಡಿದಳು. ನಮ್ಮಪ್ಪ ಇದ್ದಿದ್ದರೆ ಅವಳನ್ನು ಅಂಗಡಿಗೆ ಇಟ್ಟುಕೊಳ್ಳುತ್ತಿದ್ದರು. ಕೊನೆಗೆ ಏಣಿ ತೋರಿಸಿದಳು. ಖೋಲಿ ಆಗುವ ತನಕ ಬಾಣಂತಿ ಹೊರಗೆ ಬರುವುದಿಲ್ಲ ಎಂದು ಅವಳು ಹಟ ಹಿಡಿದದ್ದರಿಂದ ನಮ್ಮವರು ಮಾಳಿಗೆ ಹತ್ತಿ ನಡುಮನೆಯಿಂದ ದೂರದ ಅಂಚಿನಲ್ಲಿ ಶುರುಮಾಡಿದರು. ಊರು ಊರೇ ಓಣಿಯಲ್ಲಿ ಬಂದು ನಿಂತಿತು, ಒಬ್ಬರೂ ಕೈ ಹಾಕಲಿಲ್ಲ.

ಮೊದಲ ಬುಟ್ಟಿ ಕೆಳಗೆ ಬಿದ್ದಿತ್ತೋ ಇಲ್ಲವೋ, ಓಣಿಯ ಬಾಯಿಯಲ್ಲಿ ಒಂದು ಖಾಲಿ ಟೆಂಪೊ ಬಂದು ನಿಂತಿತು. ಅದರಿಂದ ಇಳಿದವನು ಹಳೆಯ ಕಟ್ಟಿಗೆ ಕೊಳ್ಳುವ ವ್ಯಾಪಾರಿ. ಕೈಯಲ್ಲಿ ಅಳತೆಯ ಟೇಪು. ನನ್ನನ್ನು ಕಂಡವನೇ ಮುಖ ಅರಳಿಸಿ, “ಅಕ್ಕಾವ್ರ! ಆರಾಮ ಇದ್ದೀರೇನ್ರಿ? ನಮ್ಮದೂ ಉದಗೀರೇ. ನಮ್ಮ ಮನಿ ಲಗ್ನದ ಅರಿವಿ ಎಲ್ಲಾ ನಿಮ್ಮ ಅಂಗಡಿದಾಗೇ ತಗೊಂಡೀವ್ರಿ!” ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದ.

ನನ್ನ ಕಣ್ಣು ತೊಲೆಯ ಮೇಲಿದೆ ಎಂದಿದ್ದ ಆ ಹಿರಿಯ ನನ್ನ ಕಡೆ ನೋಡಿ ತಲೆ ಆಡಿಸಿದ. ನಾನು ಹೇಳಿದ್ದೆನಲ್ಲ ಎನ್ನುವ ಹಾಗಿತ್ತು ಅವನ ಮುಖ. ಈ ಮನುಷ್ಯನಿಗೆ ಆ ಬೆಳಗ್ಗೆ, ಆ ಹೊತ್ತಿಗೇ, ಆ ಓಣಿಗೇ ಬರಲು ಹೇಳಿದವರು ಯಾರು? ಊರಿನವರೇ ಯಾರೋ, ನಮ್ಮ ತಂಡದವರೇ ಯಾರೋ. ಇವತ್ತಿಗೂ ನನಗೆ ಗೊತ್ತಾಗಿಲ್ಲ. ಆ ದಿನ ಮಾಳಿಗೆ ಹತ್ತಿದವರ ಜೊತೆ ಚಹಾ ಕುಡಿಯುವಾಗ ಈಗಲೂ ಒಬ್ಬೊಬ್ಬರ ಮುಖ ಪರೀಕ್ಷೆ ಮಾಡುತ್ತೇನೆ.

ಅವ್ವ ಏಣಿ ಹಿಡಿದಳು. “ಇಳೀರಿ ಎಲ್ಲಾರೂ,” ಎಂದಳು. ಮೇಲಿನವರು ನನ್ನನ್ನು ನೋಡಿದರು.

“ಅವ್ವಾರ, ನಾ ಈ ಮನಷ್ಯಾಗ ಕರದಿಲ್ಲ. ನನಗ ಈತನ ಮಾರಿ ಪರಿಚಯ ಸೈತ ಇಲ್ಲ,” ಎಂದೆ. ನನ್ನ ಕೊರಳಲ್ಲೂ ಲಿಂಗವಿದೆ, ಅದನ್ನು ಮುಟ್ಟಿದೆ. “ಲಿಂಗದ ಆಣಿ.”

“ಆವಾಗ ನಮ್ಮ ಮನಿ ಬಾಗಲಾ, ಕಂಬ ಒಯ್ದಾವ್ರ ಕೊರಳಾಗೂ ಲಿಂಗ ಇತ್ತ್ರಿ,” ಎಂದಳು ಅವ್ವ. ಸಿಟ್ಟಿನಿಂದಲ್ಲ, ಇದ್ದದ್ದನ್ನು ಹೇಳುವವಳ ಹಾಗೆ. “ನಾವು ಡೇರೆದಾಗ ಅಳಕೋತ ಕುಂತಾಗ ಬಂದ್ರು. ಬಿದ್ದ ಮನಿಯಾಗಿಂದು ನಿಮಗ ಯಾಕ ಬೇಕು ಅಂದ್ರು. ಹೊತ್ತಕೊಂಡು ಹೋದ್ರು. ಉಳದ ತೊಲಿ ಮ್ಯಾಲೇ ಮತ್ತ ಈ ಮನಿ ಎತ್ತೀವ್ರಿ.”

ವ್ಯಾಪಾರಿ ನಡುವೆ ಬಾಯಿ ಹಾಕಿ, ಒಳ್ಳೆಯ ದರ ಕೊಡುತ್ತೇನೆ, ಮೋಸವಿಲ್ಲ ಎಂದ. ಅವನು ಬಾಯಿ ಬಿಟ್ಟಷ್ಟೂ ನಾನು ಮುಳುಗುತ್ತಿದ್ದೆ. ಅವನನ್ನು ಅಲ್ಲೇ ಹಿಡಿದು ಬಡಿಯಬೇಕು ಅನ್ನಿಸಿತು. ಮೋಡ ತಲೆಯ ಮೇಲೆ ಬಂದು ತಣ್ಣನೆ ಗಾಳಿ ಬೀಸತೊಡಗಿತ್ತು. ನಾನು ಅವ್ವನ ಕೈ ಹಿಡಿದೆ, ಅವಳು ಬಿಡಿಸಿಕೊಂಡಳು. ನಾನು ಬೇಡಿಕೊಂಡೆ. ಅವಳು ಕೇಳಲಿಲ್ಲ. ನೀನು ಸುಳ್ಳಿ, ನೀನೇ ಸುಳ್ಳಿ ಎನ್ನುವ ತನಕ ಮಾತು ಹೋಯಿತು. ಮಾಕಣಿಯ ಸುಳ್ಳನ್ನು ನಾನು ಎತ್ತಿ ಆಡಿದೆ, ಉದಗೀರದ ಅಂಗಡಿಯನ್ನು ಅವಳು ಎತ್ತಿ ಆಡಿದಳು.

ಆಗ ಬಾಗಿಲಲ್ಲಿ ಮಗಳು ಬಂದು ನಿಂತಳು.

ಬಾಣಂತಿ ಹಗಲಲ್ಲಿ, ಬೀಸುವ ಗಾಳಿಯಲ್ಲಿ, ನಾಲ್ಕು ಜನರ ಎದುರಿಗೆ ಹೊಸ್ತಿಲು ದಾಟುವುದಿಲ್ಲ. ಓಣಿಯ ಗಂಡಸರು ಮುಖ ತಿರುಗಿಸಿದರು. ಅವಳು ದಾಟಿ ಬಂದಳು. ಕೂಸನ್ನು ಹೊದಿಕೆಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದಳು. ಬೆಳಕಿಗೆ ಬಂದಾಗ ಕಂಡಿತು, ಅವಳ ಸ್ಕಾರ್ಫಿನ ಮೇಲೆ, ರೆಪ್ಪೆಯ ಮೇಲೆ ಎಲ್ಲ ಬಿಳಿ ಮಣ್ಣಿನ ಧೂಳು.

“ಅವ್ವಾ,” ಎಂದಳು, “ನಾ ನಿದ್ದಿನೇ ಮಾಡಂಗಿಲ್ಲವಾ. ನೆಲ ಗುರ್ ಅಂದಾಗೊಮ್ಮಿ ಮ್ಯಾಲಿಂದ ಮಣ್ಣು ಉದುರತದ. ಕೂಸಿನ ಬಾಯಾಗ, ಕಣ್ಣಾಗ ಬೀಳತದ. ಈಕಿ ಮಾರಿ ಮ್ಯಾಲ ಕೈ ಅಡ್ಡ ಹಿಡಕೊಂಡು ಕುಂತೇ ಇರತೀನಿ. ನೀ ಆ ತಮ್ಮನ ನೆನಸಿ ಅಳತಿ ಅಂತ ನಾ ಏನೂ ಅಂದಿಲ್ಲ.”

ತಾನು ಹುಟ್ಟುವ ಮೊದಲೇ ಸತ್ತ ಆ ಕೂಸನ್ನು ಅವಳು ತಮ್ಮ ಎಂದಳು. ಕೂಸಾಗಿಯೇ ಹೋದವನು ಅವಳ ಪಾಲಿಗೆ ಯಾವಾಗಲೂ ಸಣ್ಣವನೇ.

ಅವ್ವ ಅವಳ ಬಲಗೈ ಹಿಡಿದು ತಿರುಗಿಸಿ ನೋಡಿದಳು. ಮಣ್ಣಿನ ಹರಳು ಬಿದ್ದು ಬಿದ್ದು ಕೈಯ ಹಿಂಭಾಗ ತರಚಿ ಕೆಂಪಾಗಿತ್ತು. ಸೆರಗಿನಿಂದ ಅದನ್ನು ಒರೆಸಿದಳು, ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸಿದಳು. ನನಗೆ ಅಳು ಬಂತು, ತಡೆಯಲಾಗಲಿಲ್ಲ. ಇಷ್ಟು ದಿನ ನಾವಿಬ್ಬರೂ ಒಬ್ಬರ ಮೇಲೊಬ್ಬರು ಕಣ್ಣಿಟ್ಟು ಕೂತಿದ್ದೆವು. ಆ ಹುಡುಗಿ ಮಾತ್ರ ಮೇಲಿನ ಮಣ್ಣನ್ನು ಕಾಯುತ್ತಿದ್ದಳು.

ಅವ್ವ ವ್ಯಾಪಾರಿಯ ಕಡೆ ತಿರುಗಿದಳು. “ತೊಲಿ ಮಾರಾಕಿಲ್ಲ. ನಡಿ ಇಲ್ಲಿಂದ.” ಆಮೇಲೆ ಮಾಳಿಗೆಯ ಮೇಲಿನವರಿಗೆ, “ಯಾಕ ನಿಂತ್ರಿ, ಮತ್ತೊಮ್ಮಿ ಹೇಳಬೇಕೇನು? ಇಳಸ್ರಿ ಮಣ್ಣು,” ಎಂದಳು. ಏಣಿಯ ಕೆಳಗೆ ತಾನೇ ನಿಂತು ಬುಟ್ಟಿ ಇಸಿದುಕೊಂಡಳು. ಎಷ್ಟೋ ಬುಟ್ಟಿಗಳಾದ ಮೇಲೆ ಆ ಹಿರಿಯ ಬಂದು ಅವಳ ಕೈಯಿಂದ ಬುಟ್ಟಿ ತೆಗೆದುಕೊಂಡ. ಆಮೇಲೆ ಒಬ್ಬೊಬ್ಬರಾಗಿ ಬಂದರು. ಎಲ್ಲರೂ ಬರಲಿಲ್ಲ. ಆಚೆಯ ಎರಡು ಮನೆಯವರು ಬಾಗಿಲು ಹಾಕಿಕೊಂಡರು. ಅವರ ಮನವೊಲಿಸಲು ಮುಂದೆ ನಾನು ಎಷ್ಟು ಸಲ ಹೋದೆನೋ ನನಗೇ ನೆನಪಿಲ್ಲ.

ಸಂಜೆಯ ಹೊತ್ತಿಗೆ ಶೆಡ್ಡಿನಲ್ಲಿ ತಡಿಕೆಯ ಖೋಲಿ ಎದ್ದಿತು. ಹಸಿ ಸಗಣಿಯ ವಾಸನೆ, ಗೋಡೆ ಇನ್ನೂ ಒದ್ದೆ. ಒಳಗೆ ಕೆಂಡ ಇಟ್ಟು ಒಣಗಿಸುತ್ತಿದ್ದರು. ಮಾಳಿಗೆಯಿಂದ ಬಂದ ತಾಡಪತ್ರಿಯನ್ನು ಜಾಡಿಸಿ ಹೊರಗಿನಿಂದ ಸುತ್ತಿದೆವು. ಹೊರಸು ಒಳಗೆ ಹೋಯಿತು, ಮಗಳು ಹೋದಳು, ಮಲಗಿದವಳು ಕೂಡಲೇ ನಿದ್ದೆ ಹೋದಳು. ಅವ್ವ ಒಳಗೆ ನಿಂತು ನಾಲ್ಕೂ ಗೋಡೆಗೆ ಅಂಗೈ ಹಿಡಿದು ಗಾಳಿ ಬರುತ್ತದೆಯೋ ಎಂದು ಪರೀಕ್ಷೆ ಮಾಡಿದಳು. ಒಂದು ಕಡೆ ಬರುತ್ತದೆ ಎಂದಳು. ನನಗೆ ಬರುತ್ತಿದೆ ಅನ್ನಿಸಲಿಲ್ಲ, ಆದರೂ ಅಲ್ಲಿ ಇನ್ನಷ್ಟು ಸಗಣಿ ಮೆತ್ತಿಸಿದೆ.

ಮೊದಲ ಹನಿಗಳು ತಗಡಿನ ಮೇಲೆ ಬೀಳತೊಡಗಿದವು. ಉಮರ್ಗಾದಿಂದ ಫೋನಿನ ಮೇಲೆ ಫೋನು. ತಂಡದವರು ಹೊರಟು ಹೋಗಿದ್ದರು. ನಾನು ಕೈಕಾಲು ತೊಳೆದು ಗಾಡಿಯ ಬಾಗಿಲು ತೆಗೆಯುವಾಗ ಅವ್ವ ಮಳೆಯಲ್ಲೇ ನಡೆದು ಬಂದು ಎದುರಿಗೆ ನಿಂತಳು. ಉಪಕಾರದ ಮಾತು ಹೇಳುತ್ತಾಳೆ ಎಂದುಕೊಂಡೆ.

“ಎಲ್ಲಿ ಹೊಂಟ್ರಿ?” ಎಂದಳು.

“ಉಮರ್ಗಾಕ್ಕ. ನಾಳಿ ಮುಂಜಾನಿ ಬರತೀನಿ ಅವ್ವಾರ.”

“ಆವಾಗ ಡೇರೆ ಹಾಕಿದಾವ್ರೂ ನಾಳಿ ಮುಂಜಾನಿ ಬರತೀವಿ ಅಂದಿದ್ರು. ನನ್ನ ಕೂಸಿಗಿ ಉಸಿರು ಹತ್ತಿದಾಗ ಯಾರಿಗಿ ಕರೀಬೇಕಂತ ನನಗ ಗೊತ್ತಿದ್ದಿಲ್ಲ.” ಮಳೆಯ ನೀರು ಅವಳ ಹಣೆಯ ವಿಭೂತಿಯನ್ನು ತೊಳೆದು ಕೆನ್ನೆಗೆ ಇಳಿಸುತ್ತಿತ್ತು. “ನಿಮ್ಮ ಮಾತು ಕೇಳಿ ಹೊರಗ ತಂದೀನಿ. ಈ ಕೂಸಿಗಿ ಥಂಡಿ ಆದ್ರ ನಾ ಯಾರ ಕೈ ಹಿಡದು ಕೇಳಲಿ? ನೀವು ಇಲ್ಲೇ ಇರ್ರಿ.”

ನಾನು ಏನಾದರೂ ಹೇಳುವ ಮೊದಲೇ ಅವಳು ನನ್ನ ಕೈಯಿಂದ ಗಾಡಿಯ ಕೀಲಿ ತೆಗೆದುಕೊಂಡು, ಸೆರಗಿನ ತುದಿಗೆ ಗಂಟು ಹಾಕಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಶೆಡ್ಡಿನ ಕಡೆ ನಡೆದಳು.